ಬಿದಿರಿನ ಗಾಳದ ಕೋಲಿಗೆ ವಾರ್ನಿಷ್ ಅದ್ದುವ ಕೊಳವೆ: ನಾನು ವಸ್ತುಗಳನ್ನು ಆರಿಸಿದ ಬಗೆ

ಸೀಳಿದ ಬಿದಿರಿನ ಆರು ಪಟ್ಟಿಗಳನ್ನು ಅಂಟಿಸಿ ಮಾಡಿದ ಗಾಳದ ಕೋಲಿಗೆ ಬ್ರಷ್‌ನಿಂದ ವಾರ್ನಿಷ್ ಹಚ್ಚಿದರೆ ಗೆರೆಗಳು ಉಳಿಯುತ್ತವೆ, ರೇಷ್ಮೆ ದಾರ ಸುತ್ತಿದ ಕಡೆಗಳಲ್ಲಿ ವಾರ್ನಿಷ್ ಮಡುಗಟ್ಟುತ್ತದೆ. ಆದ್ದರಿಂದ ನಾನು ಕೋಲಿನ ಪ್ರತಿಯೊಂದು ತುಂಡನ್ನೂ ವಾರ್ನಿಷ್ ತುಂಬಿದ ಉದ್ದನೆಯ ಕೊಳವೆಯೊಳಗೆ ಇಳಿಬಿಟ್ಟು, ನಿಮಿಷಕ್ಕೆ ಕೆಲವೇ ಅಂಗುಲದಷ್ಟು ನಿಧಾನವಾಗಿ ಮೇಲೆಳೆಯುತ್ತೇನೆ. ಎಳೆಯುವ ವೇಗ ಹೆಚ್ಚಿದಷ್ಟೂ ಪದರ ದಪ್ಪವಾಗಿ, ಕೆಳಗಿಳಿದು ಹನಿಗಟ್ಟುತ್ತದೆ.

ವಸ್ತುವಿಗಿಂತ ಮೊದಲು ನಾನು ಕೊಳವೆಯ ಒಳವ್ಯಾಸವನ್ನು ನಿರ್ಧರಿಸಿದೆ. 120 ಸೆಂ.ಮೀ. ಉದ್ದದ ಕೊಳವೆಯ ಒಳವ್ಯಾಸ 25 ಮಿ.ಮೀ. ಇದ್ದರೆ ಸುಮಾರು 590 ಮಿ.ಲೀ. ವಾರ್ನಿಷ್ ಸಾಕಾಗುತ್ತದೆ; ಅದೇ 40 ಮಿ.ಮೀ. ಆದರೆ ಒಂದೂವರೆ ಲೀಟರ್ ಬೇಕು. ಗಾಳದ ದಾರ ಹಾಯುವ ಬಳೆಗಳನ್ನು ಕಟ್ಟುವ ಮೊದಲೇ ಅದ್ದುವವರಿಗೆ ಕಿರಿದಾದ ಕೊಳವೆ ಸಾಕು. ಕೋಲು ಮುಳುಗಿದಾಗ ಮಟ್ಟ ಏರುವುದರಿಂದ ಮೇಲಿನ ಹತ್ತು ಸೆಂ.ಮೀ.ನಷ್ಟು ಖಾಲಿ ಬಿಡುವುದು ಒಳ್ಳೆಯದು.

ಗಾಜಿನಲ್ಲಿ ಗುಳ್ಳೆಯೂ ಧೂಳೂ ಕಣ್ಣಿಗೆ ಕಾಣುತ್ತವೆ, ವಾರ್ನಿಷ್ ಅದಕ್ಕೆ ಏನೂ ಮಾಡುವುದಿಲ್ಲ. ಆದರೆ ಅಷ್ಟುದ್ದದ ಗಾಜು ಒಡೆದರೆ ಆಗುವ ಅವಾಂತರವನ್ನು ನೆನೆದು ಅದನ್ನು ಕೈಬಿಟ್ಟೆ. ಎಣ್ಣೆ ಆಧಾರಿತ ವಾರ್ನಿಷ್‌ನ ಆಮ್ಲಗಳು ತಾಮ್ರದೊಂದಿಗೆ ಸೇರಿ ಹಸಿರು ಛಾಯೆ ತರಬಲ್ಲವು, ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಕ್ರಿಲಿಕ್ ಕೊಳವೆಗೆ ಕೆಲವು ಥಿನ್ನರ್‌ಗಳಿಂದ ಬಲೆಯಂಥ ಬಿರುಕು ಬೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಲ್ಲಕ್ಕಿಂತ ನಿಶ್ಚಿಂತೆಯದು, ಆದರೆ ತಳ ಮುಚ್ಚಲು ಬೆಸುಗೆಯವರ ನೆರವು ಬೇಕಾಗುತ್ತದೆ. ಕೊನೆಗೆ ನಾನು ಗಟ್ಟಿ ಪಿವಿಸಿ ಪೈಪನ್ನೇ ಆರಿಸಿಕೊಂಡೆ. ನನ್ನ ವಾರ್ನಿಷ್ ಮಿನರಲ್ ಟರ್ಪೆಂಟೈನ್‌ನಲ್ಲಿ ಕರಗುವಂಥದ್ದು, ಅದನ್ನು ಪಿವಿಸಿ ತಾಳಿಕೊಳ್ಳುತ್ತದೆ. ಅಸಿಟೋನ್, ಟಾಲ್ಯೂಯೀನ್‌ನಂಥ ದ್ರಾವಕಗಳಿರುವ ಲ್ಯಾಕರ್ ಬಳಸುವವರು ಮಾತ್ರ ಪಿವಿಸಿಯತ್ತ ಸುಳಿಯಲೇಬಾರದು, ಅವು ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ.

ನನ್ನ ಅನುಭವದಲ್ಲಿ ಕೊಳವೆಯ ಗೋಡೆಗಿಂತ ಅದರ ತಳವೇ ಹೆಚ್ಚು ಯೋಚನೆಗೆ ಹಚ್ಚುವ ಭಾಗ. ಪಿವಿಸಿ ಮುಚ್ಚಳವನ್ನು ಅಂಟಿಸುವ ಸಾಲ್ವೆಂಟ್ ಸಿಮೆಂಟಿನಲ್ಲಿ ಇರುವುದೇ ಪಿವಿಸಿಯನ್ನು ಕರಗಿಸುವ ದ್ರಾವಕ. ಆದಕಾರಣ ಅಂಟನ್ನು ಪೈಪಿನ ಹೊರಮೈಗೆ ಮಾತ್ರ ತೆಳುವಾಗಿ ಸವರಿ, ವಾಸನೆ ಪೂರ್ತಿ ಹೋಗುವವರೆಗೆ ಎರಡೂ ಬದಿಗೆ ಗಾಳಿಯಾಡುವಂತೆ ಬಿಟ್ಟು, ಆಮೇಲಷ್ಟೇ ವಾರ್ನಿಷ್ ಸುರಿದೆ. ಎರಡೂ ಬದಿ ತೆರೆದಿರಲು ಸಾಧ್ಯವಾದದ್ದು ತಳದ ಮುಚ್ಚಳಕ್ಕೆ ತಿರುಪಿನ ಬಿರಡೆ ಇದ್ದುದರಿಂದ. ತೊಳೆಯುವುದಕ್ಕೂ ಅದೇ ಅನುಕೂಲ. ತಿರುಪಿಗೆ ನಲ್ಲಿ ಕೆಲಸದ ಬಿಳಿ ಟೇಪ್ ಸುತ್ತಿದರೆ ಸಾಕು. ರಬ್ಬರ್ ಬಿರಡೆ ಟರ್ಪೆಂಟೈನ್‌ನಲ್ಲಿ ಉಬ್ಬುತ್ತದೆ. ಸಿಲಿಕೋನ್ ಅಂಟನ್ನಂತೂ ಈ ಕೆಲಸದ ಹತ್ತಿರ ತರಲೇಬಾರದು: ಅದರ ಲವಲೇಶ ಸೇರಿದರೂ ವಾರ್ನಿಷ್ ಬಿದಿರಿನ ಮೇಲೆ ಸಮನಾಗಿ ಹರಡದೆ ಸಣ್ಣ ಸಣ್ಣ ಕುಳಿಗಳಾಗಿ ಒಡೆಯುತ್ತದೆ.

ಆರಿಸಿದ ಪ್ರತಿಯೊಂದು ವಸ್ತುವಿನ ಚೂರನ್ನೂ ಅದೇ ವಾರ್ನಿಷ್ ತುಂಬಿದ ಗಾಜಿನ ಶೀಶೆಯಲ್ಲಿ ಕೆಲವು ವಾರ ಮುಳುಗಿಸಿಟ್ಟು, ಉಗುರಿನಿಂದ ಗೀರಿ, ಬಣ್ಣವನ್ನು ಹೋಲಿಸಿ ನೋಡಿದ ಮೇಲೆಯೇ ಕೊಳವೆ ಜೋಡಿಸಿದೆ. ವಸ್ತುಗಳ ಪಟ್ಟಿಗಿಂತ ಈ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಡಬ್ಬಿಯ ಮೇಲೆ ಒಂದೇ ಹೆಸರಿದ್ದರೂ ಒಳಗಿನ ದ್ರಾವಕ ಒಂದೇ ಆಗಿರಬೇಕೆಂದಿಲ್ಲ.

ವಾರ್ನಿಷ್ಅನ್ನು ಕೊಳವೆಯಲ್ಲೇ ಬಿಟ್ಟರೆ ಮೇಲೆ ಕೆನೆಗಟ್ಟುತ್ತದೆ. ಹಾಗಾಗಿ ಕೆಲಸ ಮುಗಿದೊಡನೆ ಸೋಸಿ, ಸಣ್ಣ ಬಾಟಲಿಗಳಿಗೆ ಗಾಳಿಗೆ ಎಡೆಯಿಲ್ಲದಂತೆ ತುಂಬಿಡುತ್ತೇನೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಬಿಡಿಸಿ ಒಣಹಾಕಬೇಕು, ಎಣ್ಣೆ ವಾರ್ನಿಷ್ ಆರುವಾಗ ಹುಟ್ಟುವ ಬಿಸಿಗೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು.