ಯಾವ ಟ್ಯೂಬ್ ಅನ್ನೋದಕ್ಕಿಂತ ಹೇಗೆ ಹಚ್ಚಬೇಕು ಅನ್ನೋದೇ ದೊಡ್ಡದು

ಮಗುವಿನ ಮೈಮೇಲೆ ಏನೋ ಎದ್ದಿದೆ ಅಂತ ಫೋನ್ ಬಂದರೆ ನಾನು ಹೇಳುವುದು ಒಂದೇ ಮಾತು: ಇಲ್ಲಿಯವರೆಗೆ ಏನೇನು ಹಚ್ಚಿದ್ದೀರೋ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಕ್ಕಳ ಡಾಕ್ಟರಾಗಿ ಕೆಲಸ ಶುರು ಮಾಡಿದಾಗಿನಿಂದ ಇದೇ ರೂಢಿ. ಚೀಲ ಬಿಚ್ಚಿದರೆ ಅರ್ಧ ಕಥೆ ಗೊತ್ತಾಗುತ್ತದೆ. ತೆಂಗಿನೆಣ್ಣೆ, ಬೇಬಿ ಪೌಡರ್, ಊರಿಂದ ಬಂದ ಯಾವುದೋ ಮುಲಾಮು, ಮತ್ತೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಒಂದು ಟ್ಯೂಬ್. ಅದರ ಹಿಂದಿನ ಸಣ್ಣ ಅಕ್ಷರ ಓದಿದರೆ ಒಂದೇ ಟ್ಯೂಬಿನಲ್ಲಿ ಮೂರು ಔಷಧಿ ಇರುತ್ತವೆ. ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕೆಂಪು, ತುರಿಕೆ ಇಳಿಸುವ ಜೋರಾದ ಸ್ಟೀರಾಯ್ಡ್.

ಇಂಥ ಟ್ಯೂಬ್ ಹಚ್ಚಿದರೆ ಬೇಗ ತುರಿಕೆ ಇಳಿಯುತ್ತದೆ. ಅದಕ್ಕೇ ಜನ ನಂಬುತ್ತಾರೆ. ಆದರೆ ಹುಳುಕಡ್ಡಿ ಇದ್ದ ಜಾಗಕ್ಕೆ ಸ್ಟೀರಾಯ್ಡ್ ಬಿದ್ದರೆ ಮೇಲಿನ ಕೆಂಪು ಮಾಯವಾಗಿ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತಾ ಹೋಗುತ್ತದೆ. ಆಮೇಲೆ ನೋಡಿದವರಿಗೆ ಅದು ಹುಳುಕಡ್ಡಿ ಅಂತ ಗುರುತೇ ಸಿಗುವುದಿಲ್ಲ. ಮಕ್ಕಳ ಚರ್ಮ ತೆಳು. ಡೈಪರ್ ಒಳಗೆ, ತೊಡೆ ಸಂದಿಯಲ್ಲಿ ಹಚ್ಚಿದ ಔಷಧಿ ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ನನ್ನ ಮುಂದೆ ಬಿಚ್ಚುವ ಚೀಲಗಳಲ್ಲಿ ಅವು ಇದ್ದೇ ಇರುತ್ತವೆ.

ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂತ ಹೆದರುವುದೂ ಬೇಡ. ಎಕ್ಸಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಇರುವ ಮಗು ರಾತ್ರಿಯಿಡೀ ಕೆರೆದುಕೊಂಡು ಅಳುತ್ತಿರುತ್ತದೆ, ತಾಯಿ ಮಾತ್ರ ಕೊಟ್ಟ ಕ್ರೀಮನ್ನು ಹೆದರಿ ಕಾಳಿನಷ್ಟು ಸವರುತ್ತಿರುತ್ತಾಳೆ. ಅದೂ ಉಪಯೋಗವಿಲ್ಲ. ಮುಖಕ್ಕೆ ಸೌಮ್ಯವಾದದ್ದು, ಕೈಕಾಲಿನ ದಪ್ಪ ಚರ್ಮಕ್ಕೆ ಅಗತ್ಯವಿದ್ದರೆ ಸ್ವಲ್ಪ ಜೋರಿನದು, ಹೇಳಿದಷ್ಟು ದಿನ, ಹೇಳಿದಷ್ಟು ಅಳತೆ. ಇಷ್ಟು ಪಾಲಿಸಿದರೆ ಅದರಷ್ಟು ಕೆಲಸಕ್ಕೆ ಬರುವ ಔಷಧಿ ಇನ್ನೊಂದಿಲ್ಲ.

ಅಳತೆಗೆ ನಾನು ಬೆರಳನ್ನೇ ಬಳಸುತ್ತೇನೆ. 1991ರಲ್ಲಿ ಬ್ರಿಟನ್ನಿನ ಚರ್ಮವೈದ್ಯರು ಹೇಳಿಕೊಟ್ಟ ಲೆಕ್ಕ ಇದು. ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬನ್ನು ಒತ್ತಿದರೆ ಸುಮಾರು ಅರ್ಧ ಗ್ರಾಂ ಬರುತ್ತದೆ. ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದಷ್ಟು ಚರ್ಮಕ್ಕೆ ಅದು ಸಾಕು. ಒಂದೆರಡು ವರ್ಷದ ಮಗುವಿನ ಒಂದು ಕಾಲಿಗೆ, ಪಾದವೂ ಸೇರಿ, ಇಂಥ ಎರಡು ಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅದಕ್ಕೆ ಕ್ಲಿನಿಕ್‌ನಲ್ಲೇ ತಾಯಿಯ ಬೆರಳ ಮೇಲೆ ಒತ್ತಿಸಿ, ಅವಳ ಕೈಯಿಂದಲೇ ಮೊದಲ ಸಲ ಹಚ್ಚಿಸುತ್ತೇನೆ. ಹೊರಗೆ ಸಾಲು ಉದ್ದ ಇದ್ದರೂ ಈ ಐದು ನಿಮಿಷ ಬಿಡುವುದಿಲ್ಲ.

ಎಕ್ಸಿಮಾದಲ್ಲಿ ಸ್ಟೀರಾಯ್ಡ್‌ಗಿಂತ ದಿನಾ ಬೇಕಾದದ್ದು ಚರ್ಮದ ಪಸೆ. ಮಾಯಿಶ್ಚರೈಸರ್ ಡಬ್ಬಿ ತಿಂಗಳುಗಟ್ಟಲೆ ಬಂತು ಅಂದರೆ ಸರಿಯಾಗಿ ಹಚ್ಚುತ್ತಿಲ್ಲ ಅಂತಲೇ ಅರ್ಥ. ಮೈ ತುಂಬಾ ಒಣಗಿದ ಪುಟ್ಟ ಮಗುವಿಗೆ ವಾರಕ್ಕೆ 100 ಗ್ರಾಂಗಿಂತ ಜಾಸ್ತಿಯೇ ಬೇಕಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷ ಸ್ನಾನ, ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ಪಸೆ ಇರುವಾಗಲೇ ಹಚ್ಚುವುದು. ನಮ್ಮ ಉಡುಪಿ, ಕುಂದಾಪುರ ಕಡೆಯ ಅಜ್ಜಿಯಂದಿರು ಮಗುವಿಗೆ ಎಣ್ಣೆ ತಿಕ್ಕಿ, ಆಮೇಲೆ ಕಡಲೆಹಿಟ್ಟು ಹಾಕಿ ಅಷ್ಟನ್ನೂ ತೊಳೆದುಬಿಡುತ್ತಾರೆ. ಅವರ ಹತ್ತಿರ ನಾನು ವಾದ ಮಾಡುವುದಿಲ್ಲ. 'ಅಮ್ಮಾ, ಎಣ್ಣೆ ಹಚ್ಚಿ, ಆದರೆ ಸ್ನಾನ ಆದ ಮೇಲೆ ಹಚ್ಚಿ. ಹಿಟ್ಟು ಮಾತ್ರ ಬೇಡ' ಅನ್ನುತ್ತೇನೆ. ಎಣ್ಣೆ ಬಿಡಿ ಅಂದಿದ್ದರೆ ಕೇಳುತ್ತಿರಲಿಲ್ಲ, ಹೀಗಂದರೆ ಕೇಳುತ್ತಾರೆ. ಸ್ನಾನದ ನೀರಿಗೆ ಗಾಯ ತೊಳೆಯುವ ಔಷಧಿ ಬೆರೆಸುವ ಅಭ್ಯಾಸವನ್ನು ಮಾತ್ರ ಕಡ್ಡಾಯವಾಗಿ ಬಿಡಿಸುತ್ತೇನೆ. ಒಣಗಿದ ಚರ್ಮವನ್ನು ಅದು ಇನ್ನಷ್ಟು ಕೆರಳಿಸುತ್ತದೆ.

ಇನ್ನೊಂದು ನನಗೆ ಬಹಳ ಬೇಸರ ತರುವ ಸಂಗತಿ. ಮಗುವಿಗೆ ಎಕ್ಸಿಮಾ ಆದರೆ ಶಿಕ್ಷೆ ಬಾಣಂತಿಗೆ. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಒಂದೊಂದೇ ಬಿಡಿಸಿ, ಹಾಲೂಡಿಸುವ ಹೆಣ್ಣುಮಗಳು ಅನ್ನ ಸಾರಲ್ಲೇ ದಿನ ತಳ್ಳುತ್ತಿರುತ್ತಾಳೆ. ಹೆಚ್ಚಿನ ಮಕ್ಕಳಲ್ಲಿ ಎಕ್ಸಿಮಾಕ್ಕೆ ಊಟ ಕಾರಣ ಅಲ್ಲ. ನಿರ್ದಿಷ್ಟವಾಗಿ ಒಂದು ಪದಾರ್ಥದ ಮೇಲೆ ಅನುಮಾನ ಇದ್ದರೆ ಹೇಳಿ, ನೋಡೋಣ. ಸುಮ್ನೆ ಎಲ್ಲವನ್ನೂ ಬಿಡಬೇಡಿ.

ಕೆನ್ನೆ ಮೇಲಿನ ಬಿಳಿ ಮಚ್ಚೆಯ ಕಥೆಯೂ ಹೆಚ್ಚುಕಮ್ಮಿ ಹೀಗೇ. ಕ್ಯಾಲ್ಸಿಯಂ ಕಮ್ಮಿ, ಜಂತುಹುಳ ಅಂತ ಸಿರಪ್ ಕುಡಿಸಿರುತ್ತಾರೆ. ತೊನ್ನು ಇರಬಹುದಾ ಅಂತ ಕಣ್ಣೀರು ಹಾಕಿದವರೂ ಇದ್ದಾರೆ. ಅಂಚು ಮಸುಕಾಗಿದ್ದು, ಮೇಲೆ ಸಣ್ಣ ಹೊಟ್ಟು ಇದ್ದರೆ ಅದು ಸಾಮಾನ್ಯವಾಗಿ ಎಕ್ಸಿಮಾದ್ದೇ ಸೌಮ್ಯ ರೂಪ. ಮಾಯಿಶ್ಚರೈಸರ್ ಹಚ್ಚುತ್ತಾ ಕಾಯಬೇಕು, ಬಣ್ಣ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಹಾಲಿನಷ್ಟು ಬಿಳಿ, ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ ಇದ್ದರೆ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಏಪ್ರಿಲ್ ಮೇ ತಿಂಗಳ ಬೆವರುಸಾಲೆಗೆ ಔಷಧಿಯೇ ಬೇಡ. ಪೌಡರ್ ನಿಲ್ಲಿಸಿ, ತೆಳು ಹತ್ತಿ ಬಟ್ಟೆ ಹಾಕಿ, ಫ್ಯಾನ್ ಗಾಳಿ ಬರಲಿ.

ನಮ್ಮ ಮಕ್ಕಳ ಗೋಧಿ, ಕಪ್ಪು ಬಣ್ಣದ ಚರ್ಮದಲ್ಲಿ ಪುಸ್ತಕದಲ್ಲಿರುವ ಕೆಂಪು ಕಾಣುವುದಿಲ್ಲ. ಬೂದು ಅಥವಾ ಕಂದು ಬಣ್ಣ ಕಾಣುತ್ತದೆ. ಅದಕ್ಕೆ ನಾನು ಬಟ್ಟೆ ಪೂರ್ತಿ ತೆಗೆಸಿ, ಕೈಯ ಹಿಂಭಾಗದಿಂದ ಮುಟ್ಟಿ ನೋಡುತ್ತೇನೆ. ಹಾಗೆ ಪೂರ್ತಿ ನೋಡಿದಾಗಲೇ ಬೆರಳ ಸಂದಿ, ಹೊಕ್ಕಳು, ಕಂಕುಳು, ಅಂಗಾಲು ಕಣ್ಣಿಗೆ ಬೀಳುವುದು. ತುರಿಕಜ್ಜಿ ಸಿಕ್ಕಿಬೀಳುವುದೂ ಆಗಲೇ.

ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ ಒಂದು. ಕೈಗೂಸಿನ ಅಂಗೈ ಅಂಗಾಲಲ್ಲಿ ಕೀವು ತುಂಬಿದ ಸಣ್ಣ ಸಣ್ಣ ಗುಳ್ಳೆ. ಎಲ್ಲರಿಗೂ ಔಷಧಿ ಬೇಕು ಅಂದೆ. 'ನಮಗೇನ ಆಗಿಲ್ರಿ ಬಾಯಾರ, ಕೂಸಿಗಷ್ಟ ಕೊಡ್ರಿ' ಅಂದಳು ತಾಯಿ. ಹಾಗನ್ನುತ್ತಲೇ ಬಳೆ ಮೇಲೆ ಸರಿಸಿ ಮಣಿಕಟ್ಟು ಕೆರೆದುಕೊಳ್ಳುತ್ತಿದ್ದಳು. 'ನೋಡವ್ವಾ, ಅದೇ ಇದು' ಅಂತ ಅವಳ ಕೈ ಹಿಡಿದು ತೋರಿಸಿದೆ.

ತುರಿಕಜ್ಜಿಯ ಹುಳ ಮೊದಲ ಸಲ ಮೈಗೆ ಹತ್ತಿದಾಗ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಅದು ಪಕ್ಕದವರಿಗೆ ದಾಟಿರುತ್ತದೆ. ಹಾಗಾಗಿ ತುರಿಕೆ ಇಲ್ಲದವರೂ ಅದೇ ರಾತ್ರಿ ಹಚ್ಚಲೇಬೇಕು. ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರೆ ಸರಿ ಉತ್ತರ ಬರುವುದಿಲ್ಲ. ಖೋಲಿಯಲ್ಲಿ ರಾತ್ರಿ ಯಾರ್ಯಾರು ಮಲಗುತ್ತಾರೆ ಅಂತ ಕೇಳಬೇಕು. ಆಗ ಮೈದುನ ಬರುತ್ತಾನೆ, ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವ ಊರಿನ ಹುಡುಗ ಬರುತ್ತಾನೆ. ಎಲ್ಲರಿಗೂ ಬಿಡುವಿರುವ ದಿನ ಯಾವುದು ಅಂತ ಅವರಿಂದಲೇ ಹೇಳಿಸಿ, ಆ ದಿನವನ್ನೇ ಚೀಟಿಯಲ್ಲಿ ಬರೆಯುತ್ತೇನೆ.

ಔಷಧಿ ಪರ್ಮೆಥ್ರಿನ್ 5 ಪರ್ಸೆಂಟ್ ಕ್ರೀಮ್. ಎರಡು ತಿಂಗಳು ತುಂಬಿದ ಮಕ್ಕಳಿಗೆ ಕೊಡಬಹುದು, ಅದಕ್ಕಿಂತ ಚಿಕ್ಕ ಕೂಸಿಗೆ ಬೇರೆ ದಾರಿ ನೋಡಬೇಕು. ದೊಡ್ಡವರಿಗೆ ತಲಾ 30 ಗ್ರಾಂ. ತುರಿಸುವ ಜಾಗಕ್ಕೆ ಮಾತ್ರ ಹಚ್ಚಿ ಟ್ಯೂಬ್ ಉಳಿಸಿದರೆ ದುಡ್ಡೂ ದಂಡ, ಔಷಧಿಯೂ ದಂಡ. ಕತ್ತಿನಿಂದ ಕೆಳಗೆ ಒಂದಿಂಚೂ ಬಿಡಬಾರದು. ಬೆರಳ ಸಂದಿ, ಉಗುರಿನ ಕೆಳಗೆ, ಹೊಕ್ಕಳು, ಅಂಗಾಲು, ಎಲ್ಲ ಕಡೆ. ಕೈಗೂಸಿಗೆ ಕಣ್ಣು ಬಾಯಿ ಬಿಟ್ಟು ತಲೆ, ಮುಖಕ್ಕೂ ಬೇಕು. ಕೂಸು ಕೈ ಬಾಯಿಗೆ ಹಾಕದಂತೆ ಕಾಲುಚೀಲವನ್ನೇ ಕೈಗೆ ಹಾಕಿ ಅನ್ನುತ್ತೇನೆ. 8ರಿಂದ 14 ಗಂಟೆ ಬಿಟ್ಟು ಸ್ನಾನ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರ ಕಳೆದ ಮೇಲೆ ಇನ್ನೊಂದು ಸಲ, ಹೀಗೇ, ಎಲ್ಲರೂ.

ಬಟ್ಟೆ ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಜುಲೈ ತಿಂಗಳ ಡೊಂಬಿವಲಿಯಲ್ಲಿ ಬಿಸಿಲು ಎಲ್ಲಿಂದ ತರೋಣ? ಒಗೆದ ಬಟ್ಟೆಯೇ ಖೋಲಿಯೊಳಗೆ ಹಗ್ಗದ ಮೇಲೆ ಎರಡು ದಿನ ನೇತಾಡುತ್ತಿರುತ್ತದೆ. ಮನುಷ್ಯರ ಮೈ ಸಿಗದೆ ಈ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹಾಗಾಗಿ ಒಗೆಯಲಾಗದ ಕಂಬಳಿ, ದಿಂಬು, ಕೌದಿಯನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಂದು ವಾರ ಮೂಲೆಗಿಡಿ ಅನ್ನುತ್ತೇನೆ. ಮಳೆಗಾಲದಲ್ಲಿ ಇದು ಯಾರಿಂದಲೂ ಆಗುವ ಕೆಲಸ.

ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಇರಬಹುದು. ಇದನ್ನು ಮೊದಲೇ ಹೇಳದಿದ್ದರೆ ಔಷಧಿ ನಾಟಲಿಲ್ಲ ಅಂತ ದಿನಾ ರಾತ್ರಿ ಪರ್ಮೆಥ್ರಿನ್ ಬಳಿಯುತ್ತಾರೆ, ಚರ್ಮ ಉರಿದು ಇನ್ನೂ ಜಾಸ್ತಿ ಕೆರೆಯುತ್ತಾರೆ. ಆ ದಿನಗಳಿಗೆ ಮಾಯಿಶ್ಚರೈಸರ್ ಸಾಕು, ಬೇಕಾದರೆ ತುರಿಕೆಗೆ ಸಿರಪ್ ಬರೆದುಕೊಡುತ್ತೇನೆ. ಗುಳ್ಳೆಗಳು ದೊಡ್ಡದಾಗಿ ಕೀವು ಸುರಿದರೆ, ಮಗುವಿಗೆ ಜ್ವರ ಬಂದರೆ, ಹಾಲು ಕುಡಿಯದೆ ಮಂಕಾದರೆ ಕಾಯದೆ ಅವತ್ತೇ ಬನ್ನಿ. ನಾಲ್ಕು ವಾರ ಆದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ ಮಗುವೊಂದನ್ನೇ ಕರೆತರಬೇಡಿ, ಖೋಲಿಯಲ್ಲಿ ಮಲಗುವವರೆಲ್ಲರೂ ಬನ್ನಿ.