ಲಾಂಗ್ ಆರ್ಮ್ ಸಸ್ಪೆನ್ಷನ್ ಕಿಟ್ ಅಳವಡಿಸುವ ಕ್ರಮ

ಕಾಯಿಲ್ ಸ್ಪ್ರಿಂಗ್ ಮತ್ತು ಸಾಲಿಡ್ ಆಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು) ಇರುವ ಆಫ್‌ರೋಡ್ ವಾಹನವನ್ನು ಎತ್ತರಿಸಿದಾಗ ಆಕ್ಸಲ್ ಚಾಸಿಯಿಂದ ಕೆಳಕ್ಕೆ ದೂರವಾಗುತ್ತದೆ. ಆದರೆ ಅವೆರಡನ್ನೂ ಜೋಡಿಸಿರುವ ಕಂಟ್ರೋಲ್ ಆರ್ಮ್‌ಗಳ ಉದ್ದ ಹಿಂದಿನಷ್ಟೇ ಇರುವುದರಿಂದ ಅವು ಕಡಿದಾದ ಇಳಿಜಾರಿನಲ್ಲಿ ನಿಲ್ಲುತ್ತವೆ. ಅವುಗಳ ಜಾಗದಲ್ಲಿ ಉದ್ದನೆಯ ಆರ್ಮ್‌ಗಳನ್ನು ಹಾಕುವುದೇ ಲಾಂಗ್ ಆರ್ಮ್ ಕಿಟ್‌ನ ಕೆಲಸ. 400 ಮಿಲಿಮೀಟರ್ ಉದ್ದದ ಆರ್ಮ್‌ನ ಒಂದು ತುದಿ ಇನ್ನೊಂದಕ್ಕಿಂತ 100 ಮಿಲಿಮೀಟರ್ ಕೆಳಗಿದ್ದರೆ ಅದರ ಕೋನ ಸುಮಾರು 14.5 ಡಿಗ್ರಿಯಾಗುತ್ತದೆ, 800 ಮಿಲಿಮೀಟರ್ ಉದ್ದದ ಆರ್ಮ್‌ನಲ್ಲಿ ಅದೇ ಇಳಿತಕ್ಕೆ ಕೋನ 7 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚಕ್ರವು ಅಲ್ಲಿಂದ ಇನ್ನೂ 150 ಮಿಲಿಮೀಟರ್ ಇಳಿದಾಗ ಗಿಡ್ಡ ಆರ್ಮ್ ಆಕ್ಸಲ್ಲನ್ನು ಸುಮಾರು 75 ಮಿಲಿಮೀಟರ್‌ನಷ್ಟು ವಾಹನದ ನಡುಭಾಗದ ಕಡೆಗೆ ಎಳೆದರೆ, ಉದ್ದ ಆರ್ಮ್ ಅದರ ಅರ್ಧಕ್ಕಿಂತಲೂ ಕಡಿಮೆ, ಅಂದರೆ 34 ಮಿಲಿಮೀಟರ್‌ನಷ್ಟು ಎಳೆಯುತ್ತದೆ. ಗುಂಡಿ ಹಾರಿಸಿದಾಗ ಬರುವ ಗಡಸು ಪೆಟ್ಟು ಕಡಿಮೆಯಾಗುವುದಕ್ಕೂ ಬಂಡೆಗಳ ಮೇಲೆ ಚಕ್ರಗಳು ನೆಲ ಬಿಡದೆ ಹತ್ತುವುದಕ್ಕೂ ಈ ವ್ಯತ್ಯಾಸವೇ ಮುಖ್ಯ ಕಾರಣ.

ಆರ್ಮ್ ಉದ್ದವಾಗಬೇಕೆಂದರೆ ಚಾಸಿಯ ಮೇಲಿನ ಅದರ ಕೀಲು ವಾಹನದ ನಡುಭಾಗಕ್ಕೆ ಸರಿಯಬೇಕು. ಆದ್ದರಿಂದ ಇದು ಬೋಲ್ಟ್ ಬಿಚ್ಚಿ ಬೇರೆ ಭಾಗ ಹಾಕುವ ಕೆಲಸವಲ್ಲ, ಚಾಸಿಯನ್ನೇ ಮಾರ್ಪಡಿಸುವ ಕೆಲಸ. ಹಳೆಯ ಬ್ರಾಕೆಟ್ ಕತ್ತರಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ. 75 ಮಿಲಿಮೀಟರ್‌ಗಿಂತ ಕಡಿಮೆ ಎತ್ತರಿಸಿದ ವಾಹನಕ್ಕೆ ಇದು ಅಗತ್ಯವೆಂದು ನನಗೆ ಅನಿಸುವುದಿಲ್ಲ. ಜೀಪ್ ರ‍್ಯಾಂಗ್ಲರ್ ಟಿಜೆಯಂತೆ ಪ್ರತ್ಯೇಕ ಚಾಸಿ ಇರುವ ವಾಹನಕ್ಕೂ ಚೆರೋಕಿ ಎಕ್ಸ್‌ಜೆಯಂತೆ ಬಾಡಿಯೇ ಚಾಸಿಯಾಗಿರುವ ವಾಹನಕ್ಕೂ ಕಿಟ್‌ಗಳು ಬೇರೆ ಬೇರೆ. ಎರಡನೆಯ ಬಗೆಯಲ್ಲಿ ಬಾಡಿಯ ತಳದಲ್ಲಿ ಚಾಸಿಯಂತೆ ಸಾಗುವ ತೆಳು ತಗಡಿನ ಹಳಿಗಳಿಗೆ ಬಲಪಡಿಸುವ ಪಟ್ಟಿಗಳನ್ನು ಮೊದಲು ಬೆಸೆದುಕೊಳ್ಳಬೇಕಾಗುತ್ತದೆ. ಇಂತಹ ಮಾರ್ಪಾಡಿಗೆ ನಿಮ್ಮಲ್ಲಿನ ವಾಹನ ಕಾನೂನು ಅನುಮತಿ ನೀಡುತ್ತದೆಯೇ ಎಂಬುದನ್ನು ಕಿಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ದಿನವನ್ನು ಪೂರ್ತಿ ಅಳತೆಗೇ ಮೀಸಲಿಡುವುದು ಒಳ್ಳೆಯದು. ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎರಡೂ ಬದಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಆಕ್ಸಲ್‌ನಿಂದ ಮಡ್‌ಗಾರ್ಡ್‌ವರೆಗಿನ ಎತ್ತರ, ಪಿನಿಯನ್ ಕೋನ (ಎಂಜಿನ್ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್‌ಗೆ ಸೇರುವ ಗೇರ್‌ನ ಓರೆ) ಮತ್ತು ಕ್ಯಾಸ್ಟರ್ ಕೋನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಕ್ಷದ ಹಿಂದಕ್ಕಿನ ವಾಲುವಿಕೆ) ಇವುಗಳನ್ನು ಬರೆದಿಟ್ಟುಕೊಳ್ಳಿ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಅಂದೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿಟ್ಟರೆ ಮರುದಿನದ ಶ್ರಮ ತಗ್ಗುತ್ತದೆ.

ಒಂದು ಬಾರಿಗೆ ಒಂದೇ ಆಕ್ಸಲ್ ಬಿಚ್ಚಬೇಕು. ಇನ್ನೊಂದರ ಚಕ್ರಗಳು ನೆಲದ ಮೇಲಿದ್ದು, ಅವುಗಳಿಗೆ ಎರಡೂ ಕಡೆ ತಡೆ ಕೊಟ್ಟಿರಬೇಕು. ಚಾಸಿಯ ಭಾರವನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಇಳಿಸಿ, ಆಕ್ಸಲ್ ಕೆಳಗೆ ಬೇರೆಯೇ ಜಾಕ್ ಇರಿಸಿಕೊಳ್ಳಿ. ಬರಿಯ ಜಾಕ್ ನಂಬಿ ವಾಹನದ ಕೆಳಗೆ ಹೋಗಕೂಡದು. ಬ್ರೇಕ್ ಹೋಸ್, ಎಬಿಎಸ್ ವೈರು, ಆಕ್ಸಲ್‌ನ ಗಾಳಿಕೊಳವೆ, ಸ್ಟೆಬಿಲೈಸರ್ ಬಾರ್‌ನ ಕೊಂಡಿಗಳು, ಶಾಕ್ ಅಬ್ಸಾರ್ಬರ್ ಮತ್ತು ಆಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರ್‌ಗಳನ್ನು ಬಿಡಿಸಿ, ಜಾಕನ್ನು ನಿಧಾನವಾಗಿ ಇಳಿಸುತ್ತಾ ಸ್ಪ್ರಿಂಗ್‌ನ ಒತ್ತಡ ಸಂಪೂರ್ಣ ಹೋದ ಮೇಲಷ್ಟೇ ಅದನ್ನು ಹೊರತೆಗೆಯಿರಿ.

ಕತ್ತರಿಸುವ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ. ಚಾಸಿಗೆ ಅಂಟಿಕೊಂಡೇ ಇಂಧನ ಮತ್ತು ಬ್ರೇಕ್ ಕೊಳವೆಗಳು ಸಾಗುವುದರಿಂದ ಅವನ್ನು ಪಕ್ಕಕ್ಕೆ ಸರಿಸಿ, ಬೆಂಕಿ ನಿರೋಧಕ ಹೊದಿಕೆಯಿಂದ ಮುಚ್ಚಿ, ಅಗ್ನಿಶಾಮಕವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು. ಹಳೆಯ ಬ್ರಾಕೆಟ್ಟನ್ನು ಚಾಸಿಯ ಮಟ್ಟಕ್ಕೇ ಕತ್ತರಿಸಲು ಆತುರಪಡದೆ, ಎರಡು ಮೂರು ಮಿಲಿಮೀಟರ್ ಉಳಿಸಿಕೊಂಡು ಕತ್ತರಿಸಿ, ಉಳಿದುದನ್ನು ಗ್ರೈಂಡರ್‌ನಿಂದ ಸವೆಸಿ ತೆಗೆಯಿರಿ. ಚಾಸಿಯ ಗೋಡೆಯಲ್ಲಿ ಗ್ರೈಂಡರ್ ಮಾಡಿದ ಗೀರು ಮುಂದೆ ಬಿರುಕಿನ ಮೂಲವಾಗಬಲ್ಲದು. ಹೊಸ ಬ್ರಾಕೆಟ್ ಕೂರುವ ಜಾಗದಲ್ಲಿ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿರಬೇಕು.

ಬ್ರಾಕೆಟ್‌ಗಳನ್ನು ಮೊದಲು ಕ್ಲಾಂಪ್‌ನಲ್ಲಿ ಹಿಡಿಸಿ ಚುಕ್ಕಿ ಬೆಸುಗೆಯಷ್ಟನ್ನೇ ಹಾಕಬೇಕು. ಬಳಿಕ ಚಾಸಿಯಲ್ಲಿ ಕಾರ್ಖಾನೆಯಲ್ಲೇ ಕೊರೆದ ಯಾವುದಾದರೂ ರಂಧ್ರದಿಂದ ಎದುರು ಬದಿಯ ಬ್ರಾಕೆಟ್‌ಗೆ ಕರ್ಣದ ಅಳತೆ ತೆಗೆದು, ಎರಡು ಕರ್ಣಗಳೂ ಸಮವಿದೆಯೇ ಎಂದು ನೋಡಿ. ಇಲ್ಲಿ ಉಳಿದ ಕೆಲವೇ ಮಿಲಿಮೀಟರ್ ವ್ಯತ್ಯಾಸ ಮುಂದೆ ಎಡಬಲ ಆರ್ಮ್‌ಗಳ ಉದ್ದದಲ್ಲಿ ಕಾಣಿಸಿಕೊಂಡು ತಲೆನೋವಾಗುತ್ತದೆ. ಪೂರ್ತಿ ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯದೆ, ಚಿಕ್ಕ ಚಿಕ್ಕ ತುಂಡುಗಳಾಗಿ ಬದಿ ಬದಲಾಯಿಸುತ್ತಾ ಹಾಕಿದರೆ ಚಾಸಿ ಕಾವಿಗೆ ಸೊಟ್ಟಗಾಗುವುದಿಲ್ಲ. ನಿಮ್ಮ ಬೆಸುಗೆಯ ಬಗ್ಗೆ ನಿಮಗೇ ಸಂಶಯವಿದ್ದರೆ ಈ ಒಂದು ಹಂತವನ್ನು ನುರಿತ ವೆಲ್ಡರ್‌ಗೆ ಒಪ್ಪಿಸಿ. ಬ್ರೇಕ್ ಹಾಕಿದಾಗ ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದು ಈ ಬೆಸುಗೆಯೇ.

ಆರ್ಮ್‌ಗಳನ್ನು ವಾಹನಕ್ಕೆ ಹಾಕುವ ಮೊದಲು ಮೇಜಿನ ಮೇಲೆಯೇ ಜೋಡಿಗಳನ್ನು ಒಂದೇ ಉದ್ದಕ್ಕೆ ಹೊಂದಿಸಿಕೊಳ್ಳಿ. ಚಕ್ರಗಳ ನಡುವಿನ ಅಂತರವನ್ನು ಕೆಳಗಿನ ಆರ್ಮ್‌ಗಳೂ, ಆಕ್ಸಲ್ ತಿರುಗಿ ನಿಲ್ಲುವ ಕೋನವನ್ನು ಮೇಲಿನ ಆರ್ಮ್‌ಗಳೂ ನಿರ್ಧರಿಸುತ್ತವೆ. ಹಾಗಾಗಿ ಕೆಳಗಿನವೇ ಮೊದಲು. ಮುಂದಿನ ಆಕ್ಸಲ್‌ನಲ್ಲಿ ಒಂದು ಇಕ್ಕಟ್ಟಿದೆ. ಸ್ಟಿಯರಿಂಗ್ ನಕಲ್ (ಚಕ್ರವನ್ನು ಹಿಡಿದು ಎಡಬಲಕ್ಕೆ ತಿರುಗುವ ಭಾಗ) ಕೂರುವ ಕೀಲುಗಳು ಮತ್ತು ಪಿನಿಯನ್ ಒಂದೇ ಆಕ್ಸಲ್ ಹೌಸಿಂಗ್‌ನ ಭಾಗಗಳಾದ್ದರಿಂದ, ಪ್ರೊಪೆಲ್ಲರ್ ಶಾಫ್ಟ್‌ಗೆ ಅನುಕೂಲವಾಗಲೆಂದು ಪಿನಿಯನ್ ಮೇಲೆತ್ತಿದಷ್ಟೂ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಕ್ಯಾಸ್ಟರ್ ಕಡಿಮೆಯಾದಷ್ಟೂ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರವಾಗುವ ಗುಣ ಕುಗ್ಗುತ್ತದೆ. ಹೆದ್ದಾರಿಯಲ್ಲೂ ಓಡುವ ವಾಹನವಾದರೆ ನಾನು ಕ್ಯಾಸ್ಟರ್‌ನ ಪಕ್ಷ ವಹಿಸುತ್ತೇನೆ. ಹಿಂದಿನ ಆಕ್ಸಲ್‌ನಲ್ಲಿ ಶಾಫ್ಟ್‌ನ ಎರಡೂ ತುದಿಗಳಿಗೆ ಒಂಟಿ ಕ್ರಾಸ್ ಜಾಯಿಂಟ್ (ಓರೆಯಲ್ಲೂ ತಿರುಗುವ ಕೀಲು) ಇದ್ದರೆ ಎರಡೂ ಕಡೆಯ ಕೋನ ಸಮವಾಗಿರಬೇಕು. ಗೇರ್‌ಬಾಕ್ಸ್ ಕಡೆ ಜೋಡಿ ಜಾಯಿಂಟ್ ಇದ್ದರೆ ಪಿನಿಯನ್ ಬಹುತೇಕ ಶಾಫ್ಟ್‌ನ ನೇರಕ್ಕೆ, ಒಂದೆರಡು ಡಿಗ್ರಿ ಮಾತ್ರ ತಗ್ಗಿ ನಿಲ್ಲಬೇಕು, ಏಕೆಂದರೆ ಎಂಜಿನ್ ಬಲ ಹರಿದಾಗ ಅದು ತುಸು ಮೇಲಕ್ಕೆ ಏಳುತ್ತದೆ.

ಸ್ಪ್ರಿಂಗ್ ಕೂರಿಸುವ ಮೊದಲೇ ಆಕ್ಸಲ್ಲನ್ನು ಜಾಕ್‌ನಿಂದ ಪೂರ್ತಿ ಏರಿಸಿ, ಇಳಿಸಿ, ಒಂದು ಬದಿ ಮಾತ್ರ ಏರಿಸಿ, ಪ್ರತಿ ಸ್ಥಿತಿಯಲ್ಲೂ ಆರ್ಮ್ ಯಾವುದಕ್ಕಾದರೂ ತಾಗುತ್ತದೆಯೇ ಎಂದು ಪರೀಕ್ಷಿಸಿ. ಹೆಚ್ಚಾಗಿ ತಾಗುವುದು ಸೈಲೆನ್ಸರ್ ಪೈಪು, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಿನ ಟೈರು ಮತ್ತು ಶಾಫ್ಟು. ಶಾಕ್ ಅಬ್ಸಾರ್ಬರ್ ತಳ ಮುಟ್ಟುವ ಮುನ್ನವೇ ಆಕ್ಸಲ್‌ನ ಏರಿಕೆಗೆ ಮಿತಿ ಹಾಕುವ ಬಂಪ್ ಸ್ಟಾಪ್ ತಡೆಯಬೇಕು, ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿಯಾಗಬಾರದು.

ಟ್ರ್ಯಾಕ್ ಬಾರ್‌ನ ಉದ್ದವನ್ನು ಆಕ್ಸಲ್ ನಡುವಿಗೆ ಬರುವಂತೆ ಹೊಂದಿಸಿ, ಮುಂದಿನ ಆಕ್ಸಲ್‌ನಲ್ಲಿ ಅದು ಸ್ಟಿಯರಿಂಗ್‌ನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಡ್ರ್ಯಾಗ್ ಲಿಂಕ್‌ಗೆ ಸಮಾನಾಂತರವಾಗಿರುವಂತೆ ನೋಡಿಕೊಳ್ಳಿ; ಇಲ್ಲವಾದರೆ ಪ್ರತಿ ಉಬ್ಬಿಗೂ ಸ್ಟಿಯರಿಂಗ್ ಎಳೆಯುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ವಾಹನ ತನ್ನ ಭಾರದಲ್ಲಿ ಚಕ್ರಗಳ ಮೇಲೆ ನಿಂತ ನಂತರವಷ್ಟೇ ಟಾರ್ಕ್ ರೆಂಚ್‌ನಿಂದ ಬಿಗಿಗೊಳಿಸಬೇಕು. ಚಕ್ರಗಳು ನೇತಾಡುತ್ತಿರುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ.

ಬ್ರೇಕ್ ಕೊಳವೆ ಬಿಚ್ಚಿದ್ದರೆ ಗಾಳಿ ತೆಗೆಯಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಸ್ಟಿಯರಿಂಗ್ ಚಕ್ರವನ್ನು ನೇರಗೊಳಿಸಿದ ಮೇಲೆ ಕಡಿಮೆ ವೇಗದಲ್ಲಿ ಓಡಿಸಿ ನೋಡಿ. ಉದ್ದ ಆರ್ಮ್‌ಗಳು ನಡುಭಾಗದಲ್ಲಿ ತಗ್ಗಾಗಿ ಹಾದುಹೋಗುವುದರಿಂದ ದಿಣ್ಣೆ ದಾಟುವಾಗ ಮೊದಲು ನೆಲಕ್ಕೆ ತಾಗುವುದು ಅವೇ. ಹಳೆಯ ಅಂದಾಜಿನಲ್ಲಿ ಚಲಾಯಿಸಬೇಡಿ. ಆರ್ಮ್‌ನ ಉದ್ದ ಬದಲಾಗದಂತೆ ಹಿಡಿಯುವ ಲಾಕ್ ನಟ್ ಮತ್ತು ಆರ್ಮ್ ಮೇಲೆ ಸೇರಿದಂತೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ನಟ್ ಕದಲಿದ್ದು ಕಣ್ಣಿಗೇ ಕಾಣುತ್ತದೆ. 100 ಕಿಲೋಮೀಟರ್ ಆದ ಮೇಲೆ ಒಮ್ಮೆ, 500 ಆದ ಮೇಲೆ ಮತ್ತೊಮ್ಮೆ, ಆನಂತರ ಪ್ರತಿ ಕಠಿಣ ಪಯಣದ ಬಳಿಕ ಬೋಲ್ಟ್‌ಗಳ ಬಿಗಿಯನ್ನೂ ಬೆಸುಗೆಯ ಅಂಚುಗಳನ್ನೂ ಪರೀಕ್ಷಿಸಿ.