ಒಂದು ‘ಗೆಟ್’ ಕಲಿಸಲು ನಾಲ್ಕು ತಿಂಗಳು

ಮುಂಬೈಯ ಮಾಟುಂಗಾದಲ್ಲಿ ರಾತ್ರಿ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕುಂದಾಪುರ, ಕಾರ್ಕಳ ಕಡೆಯವರೇ ಜಾಸ್ತಿ. ‘ಗೆಟ್’ ಒಂದಕ್ಕೇ ಮೂರು ವಾರ ಬೇಕು ಅಂದಾಗ ಜೊತೆಗೆ ಪಾಠ ಮಾಡುವವರು ನಕ್ಕಿದ್ದರು. "ಎಂತ ಮಾರಾಯ್ರೆ, ಗೆಟ್ ಅಂದ್ರೆ ಪಡೆ, ಮುಗೀತು."

ಮುಗಿಯಲಿಲ್ಲ, ನಾಲ್ಕು ತಿಂಗಳು ಹಿಡಿಯಿತು. ನಾನೂ ಮೊದಲು ‘ಪಡೆ’ ಅಂತಲೇ ಬರೆಸಿದ್ದೆ. ಗಿರಾಕಿ "ಗೆಟ್ ದ ಬಿಲ್" ಅಂದರೆ ನಮ್ಮ ಹುಡುಗ ಬಿಲ್ ಪಡೆಯಲು ಕೈ ಚಾಚಿ ನಿಂತನಂತೆ!

ಆಮೇಲೆ ಡಿಕ್ಷನರಿ ನೋಡಿ ಮೂವತ್ತೋ ಮೂವತ್ತೈದೋ ಅರ್ಥ ಬರೆದು ಜೆರಾಕ್ಸ್ ಹಂಚಿದೆ. 600-700 ರೂಪಾಯಿ ಹೋಯಿತು. ಹನ್ನೆರಡು ಜನರಲ್ಲಿ ಐವರು ಕ್ಲಾಸೇ ಬಿಟ್ಟರು, ತಲೆಗೆ ತಿಂಗಳಿಗೆ 300ರಂತೆ ನೀವೇ ಲೆಕ್ಕ ಹಾಕಿ. ಆ ಹಾಳೆಯಲ್ಲಿ ಬೋಂಡಾ ಕಟ್ಟಿದ್ದನ್ನೂ ನೋಡಿದ್ದೇನೆ.

ದಾರಿ ಸಿಕ್ಕಿದ್ದು ಜುಲೈ ಮಳೆಯಲ್ಲಿ. ಒಬ್ಬ ತೊಪ್ಪೆಯಾಗಿ ಬಂದು ಬಾಗಿಲಲ್ಲೇ ನಿಂತು "ಲೇಟ್ ಆಯ್ತು ಸರ್, ಬಟ್ಟೆ ಎಲ್ಲ ಒದ್ದೆ ಆಯ್ತು" ಅಂದ. ಆ ‘ಆಯ್ತು’ ಕಿವಿಗೆ ಬಿದ್ದದ್ದೇ ಹೊಳೆಯಿತು. ಗಾಟ್ ಲೇಟ್, ಗಾಟ್ ವೆಟ್. ಹಾಗಾದರೆ ಗೆಟ್ ಆದಮೇಲೆ ಹೇಗಿದೆ ಅನ್ನುವ ಪದ ಬಂದರೆ ‘ಆಗು’, ವಸ್ತು ಬಂದರೆ ‘ಸಿಗು’ ಇಲ್ಲಾ ‘ತಾ’, ಗೆಟ್ ಟು ದಾದರ್ ಅಂದರೆ ‘ತಲುಪು’. ಎಲ್ಲಕ್ಕಿಂತ ನನಗೆ ಹೆಮ್ಮೆ ನಮ್ಮ ‘ಇಸು’ ಮೇಲೆ. ಗೆಟ್ ದ ಟೇಬಲ್ ಕ್ಲೀನ್ಡ್ ಅಂದರೆ ನೀನು ಮಾಡಬೇಡ, ಮಾಡಿಸು. "ಸೇಠ್‌ಗಳ ಭಾಷೆ ಇದೇ ಅಲ್ವಾ ಸರ್" ಅಂದ ಒಬ್ಬ. ಒಂದೇ ರಾತ್ರಿಯಲ್ಲಿ ಹಿಡಿದರು.

ಪಕ್ಕದ ಮನೆಯ ಮರಾಠಿ ಮಕ್ಕಳ ಮೇಲೂ ಸುಮ್ನೆ ಪ್ರಯೋಗ ಮಾಡಿದೆ. ‘ಉಶೀರ್ ಝಾಲಾ’ ಅಂದರೆ ಲೇಟ್ ಆಯ್ತು, ‘ಕರೂನ್ ಘೇ’ ಅಂದರೆ ಮಾಡಿಸಿಕೊ, ಅಲ್ಲೂ ಸರಿ ಕೂತಿತು. ರೈಲಿಂದ ಇಳಿಯಲು ಇಂಗ್ಲೆಂಡಿನವರು ಗೆಟ್ ಆಫ್ ಅನ್ನುತ್ತಾರೆ, ನಮ್ಮವರದು ಗೆಟ್ ಡೌನ್. ತಿದ್ದಲು ಹೋಗಿ ಬಿಟ್ಟೆ. ಲೋಕಲ್‌ನಿಂದ ದಾದರ್‌ನಲ್ಲಿ ಇಳಿಯುವುದೇ ದೊಡ್ಡದು, ಅದರಲ್ಲಿ ಇದು ಬೇರೆ.

ಗೆಟ್ ಓವರ್, ಗೆಟ್ ಅವೇ, ಗೆಟ್ ಅಲಾಂಗ್ ಮಾತ್ರ ಈ ಲೆಕ್ಕಕ್ಕೆ ಬಗ್ಗಲ್ಲ. ಅದಕ್ಕೊಂದು ಆಟ ಕಟ್ಟಿದ್ದೇನೆ, ಎರಡು ಲೋಟ, ಒಂದು ಸ್ಟೂಲ್ ಸಾಕು. ಹೆಚ್ಚು ಹೇಳಲ್ಲ, ನನ್ನ ಫೀಸು ನಡೆಯುತ್ತಿರುವುದೇ ಅದರಿಂದ. ಈಗ ಇಪ್ಪತ್ತರ ಹತ್ತಿರ ಹುಡುಗರಿದ್ದಾರೆ, ಫೀಸು 400. ನಕ್ಕವರಲ್ಲಿ ಒಬ್ಬರು ನೋಟ್ಸ್ ಕೇಳಿದರು, ಅರ್ಧ ಕೊಟ್ಟೆ.

ಮೊನ್ನೆ ಬಿಲ್ ಹುಡುಗನ ಹೋಟೆಲಿಗೆ ಕಾಫಿಗೆ ಹೋಗಿದ್ದೆ. ಯಾರೋ ಉಳಿದ ದೋಸೆ ತೋರಿಸಿದರು. "ಐಲ್ ಗೆಟ್ ಇಟ್ ಪ್ಯಾಕ್ಡ್ ಸರ್" ಅಂದವನೇ ತಟ್ಟೆ ಮುಟ್ಟದೆ ಒಳಗೆ ಕೂಗಿದ: "ಏಯ್, ಒಂದು ಪಾರ್ಸೆಲ್!"